ಬೆಡಿಗೆ ಬೀಡಿ ನೂಲು

ನಮ್ಮ ಭಾವನ ಕೈದಾಟಿ ಹೋದಷ್ಟು ಕೋವಿಗಳು ಯಾವ ಸುಬೇದಾರನ ಕೈದಾಟಿಯೂ ಹೋಗಿರಲಿಕ್ಕಿಲ್ಲ! ಉದ್ದ ನಳಿಗೆಯದ್ದು, ಮೋಟು ನಳಿಗೆಯದ್ದು, ಹಿಡಿಗೆ ಬೆಳ್ಳಿ ತಗಡು ಬಡಿದದ್ದು, ಮುತ್ತಜ್ಜನ ಕಾಲದ್ದು, ಮೊನ್ನೆ ಮೊನ್ನೆ ಕೊಂಡದ್ದು, ಹೀಗೆ ದಿನಾ ಬೆಳಗಾದರೆ ಕೋವಿಗಳನ್ನು ತೆಗೆದುಕೊಂಡು ಇಡುವುದು, ಇಟ್ಟದ್ದನ್ನು ಎತ್ತಿ ಕೊಡುವುದು. ಹಾಗೆಂದು ಅವರೇನು ಸೈನ್ಯದಲ್ಲಿದ್ದರು, ಪೊಲೀಸರಾಗಿದ್ದರು, ಬೇಟೆಗಾರರಾಗಿದ್ದರು ಎಂದುಕೊಳ್ಳಬೇಡಿ. ಭಾವ ಅಕ್ಕಿ, ಬೇಳೆ, ಟೊಮೆಟೊ ಪೇಸ್ಟ್ ಮಾರುವ ಮನುಷ್ಯ. ಆಯುಷ್ಯದಲ್ಲಿ ಒಂದೇ ಒಂದು ಸಲ ಕೂಡ ಟ್ರಿಗರ್ ಮೇಲೆ ಬೆರಳಿಟ್ಟವರಲ್ಲ. ಆದರೆ ಅವರು ಮಾತಿಗೆ ಕೂತರೆ, ಕೋವಿಯನ್ನು ಕಂಡುಹಿಡಿದದ್ದೇ ಅವರ ಅಜ್ಜ ಇರಬೇಕು ಎನ್ನಿಸುತ್ತಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಉಪ್ಪಿನಂಗಡಿಯಿಂದ ಒಳಗೆ, ಕಾಡಿನ ಅಂಚಿನ ಊರಿನವರು. ಮದುವೆಯಾದ ಮೇಲೆ ಸೌದಿಗೆ ಬಂದವರು ಬಂದು ಬಂದು ಎಲ್ಲಿಗೆ ಬಂದರು ಎನ್ನುತ್ತೀರಿ? ನಮ್ಮವರೆಲ್ಲ ದಮ್ಮಾಮ್, ಜುಬೈಲ್, ಜಿದ್ದಾ ಎಂದು ನಾಲ್ಕು ಜನ ಇರುವಲ್ಲಿ ಸೇರಿಕೊಂಡರೆ ಈ ಪುಣ್ಯಾತ್ಮ ಜಿಝಾನ್ ದಾಟಿ, ಗುಡ್ಡ ಹತ್ತಿ, ಇನ್ನೂ ಹತ್ತಿ, ಇನ್ನು ಹತ್ತಿದರೆ ಯೆಮನ್‌ಗೆ ಇಳಿಯಬೇಕು ಎನ್ನುವಲ್ಲಿ ಒಂದು ಬಕಾಲದಲ್ಲಿ ಹೋಗಿ ನಿಂತರು. ಬಕಾಲ ಎಂದರೆ ನಮ್ಮ ಜಿನಸಿನ ಅಂಗಡಿಯೇ, ಹೆಸರು ಮಾತ್ರ ಅರಬಿಯದ್ದು. ನಾನಿರುವುದು ಯಾನ್ಬುವಿನಲ್ಲಿ, ರಿಫೈನರಿಯ ಕಂತ್ರಾಟು ಕಂಪನಿಯೊಂದರ ಸ್ಟೋರಿನಲ್ಲಿ. ನಮ್ಮಲ್ಲಿ ಸಮುದ್ರ ಒಂದು ಕಡೆ, ಪೈಪು ಇನ್ನೊಂದು ಕಡೆ. ಶಬ್ದ ಎಂದರೆ ಶಿಫ್ಟ್ ಬದಲಾಗುವಾಗ ಕೂಗುವ ಸೈರನ್, ಅಷ್ಟೇ. ಭಾವನ ಊರಿನಲ್ಲಿ ಹಾಗಲ್ಲ. ಅಲ್ಲಿ ಬೆಟ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೊಲ, ಹೊಲದಲ್ಲಿ ಕಾಫಿ ಗಿಡ, ಗಿಡದ ಮೇಲೆ ಮೋಡ, ಮೋಡದ ಒಳಗಿನಿಂದ ಒಂದೊಂದು ಸಲ ಢಂ! ಮದುವೆಯಾದರೆ ಢಂ, ಗಂಡು ಮಗು ಹುಟ್ಟಿದರೆ ಢಂ, ಹೊಲಕ್ಕೆ ಮಂಗ ನುಗ್ಗಿದರೆ ಢಂ. ಈಗ ಸರಕಾರ ಬಿಗಿ ಮಾಡಿದೆ, ಆಕಾಶಕ್ಕೆ ಗುಂಡು ಹಾರಿಸಿದರೆ ಜೈಲು. ನಾನು ಹೇಳುತ್ತಿರುವುದು ಸ್ವಲ್ಪ ಹಿಂದಿನ ಮಾತು. ಆಗ ಆ ಬೆಟ್ಟದ ಗಂಡಸರು ಲೈಸೆನ್ಸಿನ ಕೋವಿಯನ್ನು ಹೆಗಲಿಗೆ ಹಾಕಿಕೊಂಡೇ ಖುಬುಸ್ ರೊಟ್ಟಿ, ಮಜ್ಜಿಗೆ ಕೊಳ್ಳಲು ಬರುತ್ತಿದ್ದರು. ನಾವು ಮೊಬೈಲ್ ಇಲ್ಲದೆ ಹೊರಡುವುದಿಲ್ಲವಲ್ಲ, ಅವರಿಗೆ ಅದು ಹಾಗೆಯೇ.

"ನಿಮಗೆ ಹೆದರಿಕೆ ಆಗುದಿಲ್ವಾ ಭಾವ?" ಎಂದು ನಾನು ಮೊದಮೊದಲು ಫೋನಿನಲ್ಲಿ ಕೇಳಿದ್ದುಂಟು.

"ಎಂತ ಹೆದರಿಕೆ ಮಾರಾಯ? ನಾನು ಬೆಡಿಯ ನಡುವೆಯೇ ಹುಟ್ಟಿದವ!"

ನಮ್ಮ ಕಡೆ ಕೋವಿಗೆ ಬೆಡಿ ಎನ್ನುತ್ತಾರೆ. ಭಾವ ಬೆಡಿಯ ನಡುವೆ ಹುಟ್ಟಿದ ಕತೆ ಏನೆಂದರೆ, ಅವರ ಪಕ್ಕದ ತೋಟದವರಲ್ಲಿ ಹಂದಿ ಓಡಿಸಲೆಂದು ಒಂದು ಕೋವಿಯಿತ್ತು. ಚುನಾವಣೆ ಬಂದಾಗ ಎಲ್ಲರೂ ತಮ್ಮ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕೆಂಬ ನಿಯಮ ನಿಮಗೂ ಗೊತ್ತಿರಬಹುದು. ತೋಟದ ಯಜಮಾನರಿಗೆ ಮಂಡಿನೋವು. ಆದ್ದರಿಂದ ಅವರು ಜೀಪಿನಲ್ಲಿ ಠಾಣೆಗೆ ಹೋಗುವಾಗ, ಗೋಣಿಚೀಲದಲ್ಲಿ ಸುತ್ತಿದ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂರುವ ಕೆಲಸ ಭಾವನದ್ದು. ಇಷ್ಟೇ! ಇಷ್ಟರಲ್ಲಿ ಅವರು ಬೆಡಿಯ ನಡುವೆ ಹುಟ್ಟಿ, ಬೆಳೆದು, ದೊಡ್ಡವರೂ ಆಗಿಬಿಟ್ಟಿದ್ದರು.

ಈಗ ಬಕೆಟಿನ ವಿಷಯಕ್ಕೆ ಬರುತ್ತೇನೆ. ಭಾವನ ಅಂಗಡಿ ಅಗಲದಲ್ಲಿ ಒಂದು ಬಸ್ಸಿನಷ್ಟು. ಎರಡೂ ಕಡೆ ಕಪಾಟು, ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ಜಾಗ. ಆ ಒಬ್ಬ ಮನುಷ್ಯನ ಹೆಗಲಲ್ಲಿ ಕೋವಿಯಿದ್ದರೆ ಏನಾಗುತ್ತದೆ, ಯೋಚಿಸಿ. ಅವನು ಎಡಕ್ಕೆ ತಿರುಗಿ "ಸದೀಕ್, ಸಕ್ಕರೆ ಎಲ್ಲಿ?" (ಸದೀಕ್ ಅಂದರೆ ಗೆಳೆಯ) ಎಂದರೆ ಬಲಗಡೆಯ ಮೀನಿನ ಡಬ್ಬಿಗಳು ದಬದಬ ಬೀಳುತ್ತವೆ. ಅಯ್ಯೋ ಎಂದು ಬಲಕ್ಕೆ ತಿರುಗಿದರೆ ಎಡಗಡೆಯ ಮೊಟ್ಟೆಯ ಟ್ರೇ ಕೆಳಗೆ! ಭಾವ ಬಹಳ ದಿನ ಸಹಿಸಿದರು. ಒಂದು ದಿನ ಒಬ್ಬರು ಸಾಬೂನು ಹುಡುಕಲು ಒಂದು ಸುತ್ತು ಪೂರ್ತಿ ತಿರುಗಿದರಂತೆ. ಆ ಸುತ್ತಿನಲ್ಲಿ ಹೋದ ಮೊಟ್ಟೆಗಳಲ್ಲಿ ಒಂದು ಮದುವೆಗೆ ಆಮ್ಲೆಟ್ ಆಗುತ್ತಿತ್ತು ಎಂದು ಭಾವ ಹೇಳುತ್ತಾರೆ.

ಮಾರನೆಯ ದಿನ ಬಾಗಿಲಿನ ಪಕ್ಕದಲ್ಲಿ ಒಂದು ದೊಡ್ಡ ನೀಲಿ ಬಕೆಟ್ ಬಂತು. ನಮ್ಮ ಊರಿನಲ್ಲಿ ಮಳೆಗಾಲ ಬಂದರೆ ಅಂಗಡಿ, ಬ್ಯಾಂಕು, ಮದ್ರಸ ಎಲ್ಲದರ ಬಾಗಿಲಲ್ಲೂ ಬಕೆಟ್ ಇಡುತ್ತಾರಲ್ಲ, ನೀರು ಸುರಿಯುವ ಕೊಡೆ ಹಾಕಲು? ಅದೇ! ಗುಂಡು ತೆಗೆದು ಜೇಬಿಗೆ, ಕೋವಿ ಬಕೆಟಿಗೆ, ಆಮೇಲೆ ಸಕ್ಕರೆ. ಕೋವಿಗಳು ಅದಲುಬದಲಾದರೆ ದೊಡ್ಡ ರಾದ್ಧಾಂತ ಆಗುತ್ತದಲ್ಲ, ಅದಕ್ಕೂ ಭಾವನ ಬಳಿ ಉಪಾಯವಿತ್ತು. ಅಕ್ಕ ಊರಿನಲ್ಲಿ ಬೀಡಿ ಕಟ್ಟುತ್ತಿದ್ದವಳು. ಬೀಡಿಗೆ ಸುತ್ತುವ ಬಣ್ಣದ ನೂಲಿನ ಉಂಡೆಗಳನ್ನು, ಅಂಗಡಿಯಲ್ಲಿ ಪೊಟ್ಟಣ ಕಟ್ಟಲಿಕ್ಕೆ ಆದೀತು ಎಂದು ಭಾವನ ಪೆಟ್ಟಿಗೆಯಲ್ಲಿ ತುರುಕಿದ್ದಳು. ಭಾವ ಕೋವಿಯ ನಳಿಗೆಗೆ ಒಂದು ತುಂಡು ನೂಲು ಕಟ್ಟಿ, ಅದೇ ಬಣ್ಣದ ಇನ್ನೊಂದು ತುಂಡನ್ನು ಗಿರಾಕಿಯ ಕೈಗೆ ಕೊಡುತ್ತಿದ್ದರು. ಕೆಂಪು ತಂದವನಿಗೆ ಕೆಂಪು, ಹಸಿರು ತಂದವನಿಗೆ ಹಸಿರು. ಬೆಡಿಗೆ ಬೀಡಿ ನೂಲು!

ಅಂಗಡಿಯ ಯಜಮಾನ, ಅಂದರೆ ಭಾವನ ಕಫೀಲ್, ಬಿಳಿ ಗಡ್ಡದ ಮುದುಕ. ಬಕೆಟ್ ನೋಡಿ ಅವರ ಹುಬ್ಬು ಮೇಲೆ ಹೋಯಿತು. ಇದೆಂಥ ಪದ್ಧತಿ ಎಂದು ಕೇಳಿದರು. ಭಾವ ತಮ್ಮ ಹರಕು ಅರಬಿಯಲ್ಲಿ, ನಮ್ಮ ಊರಿನಲ್ಲಿ ಚುನಾವಣೆ ಬಂದರೆ ಕೋವಿಗಳನ್ನೆಲ್ಲ ಹೀಗೆ ಒಂದು ಕಡೆ ಇಡುತ್ತಾರೆ ಎಂದರು. ಚುನಾವಣೆ ಎಂದರೇನು ಎಂದು ಮುದುಕರು ಕೇಳಿದರು. "ಒಂದು ತಿಂಗಳು ಎಲ್ಲರೂ ಬೊಬ್ಬೆ ಹಾಕುವುದು. ಆಮೇಲೆ ಒಬ್ಬ ಕೂರುವುದು" ಎಂದರು ಭಾವ. ಮುದುಕರು ಗಡ್ಡ ನೀವಿಕೊಂಡು ಸ್ವಲ್ಪ ಯೋಚಿಸಿ, ಹಾಗಾದರೆ ಇಡುವುದೇ ಒಳ್ಳೆಯದು ಎಂದು ಒಪ್ಪಿಬಿಟ್ಟರು.

ಮಂಗಗಳ ಕತೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ಬೆಟ್ಟದಲ್ಲಿ ನಮ್ಮ ಊರಿನಂಥ ಮಂಗಗಳಲ್ಲ, ನಾಯಿಯ ಮುಖ, ಸಿಂಹದ ಕೇಸರ ಇರುವ ದೊಡ್ಡ ಜಾತಿ. ಅಂಗಡಿಯ ಮಾಡಿನಿಂದ ಇಳಿದು ಬಾಳೆಹಣ್ಣಿನ ಗೊನೆಯನ್ನೇ ಎತ್ತಿಕೊಂಡು ಹೋಗುತ್ತಿದ್ದವು. ಬಕೆಟ್ ತುಂಬ ಕೋವಿಗಳಿದ್ದರೂ ಭಾವ ಅದನ್ನು ಮುಟ್ಟಲಿಲ್ಲ. ಪೊರಕೆಯ ಕೋಲನ್ನು ಹೆಗಲಿಗೆ ಕೊಟ್ಟು, ಒಂದು ಕಣ್ಣು ಮುಚ್ಚಿ, ಬಾಯಲ್ಲಿ "ಢಂ!" ಎನ್ನುವುದು. ಕೋವಿ ಕಂಡು ಗೊತ್ತಿರುವ ಮಂಗಗಳು ದಿಕ್ಕಾಪಾಲು! ಭಾವನಿಗೆ ಹೆಮ್ಮೆಯೋ ಹೆಮ್ಮೆ. ಒಂದು ಮಧ್ಯಾಹ್ನ ಪೊರಕೆ ಕಾಣಿಸಲಿಲ್ಲವಂತೆ. ಹೊರಗೆ ಬಂದು ನೋಡಿದರೆ ಎದುರು ಗೋಡೆಯ ಮೇಲೆ ಮುದಿ ಮಂಗವೊಂದು ಪೊರಕೆಯನ್ನು ಹೆಗಲಿಗೆ ಕೊಟ್ಟು, ಇವರ ಕಡೆಗೇ ಗುರಿಯಿಟ್ಟು ಕೂತಿತ್ತಂತೆ!

"ಆಮೇಲೆ ನೀವು ಎಂತ ಮಾಡಿದ್ರಿ?"

"ಎಂತ ಮಾಡುದು? ಕೈ ಮೇಲೆ ಮಾಡಿದೆ."

ಇದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಅರ್ಧ ನಂಬಿದ್ದೇನೆ.

ಅಕ್ಕನಿಗೆ ಭಾವನ ಫೋನು ವಾರಕ್ಕೊಮ್ಮೆ ಶುಕ್ರವಾರ ಹೋಗುತ್ತಿತ್ತು. ಗುಡ್ಡದ ಸಿಗ್ನಲ್, ಅರ್ಧ ಮಾತು ಮೋಡದಲ್ಲೇ ಉಳಿಯುತ್ತಿತ್ತು. ಭಾವ ಹೆಂಡತಿಯಿಂದ ಏನನ್ನೂ ಮುಚ್ಚಿಡುವ ಮನುಷ್ಯ ಅಲ್ಲ, ಇದನ್ನು ಮಾತ್ರ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅವರು ಎಲ್ಲವನ್ನೂ ಹೇಳಿದರು. ಅಕ್ಕನಿಗೆ ಕೇಳಿಸಿದ್ದು ಬೇರೆ, ಅಷ್ಟೇ!

"ಇಲ್ಲಿ ಜನ ಅಂಗಡಿಗೆ ಬರುವಾಗ ಬೆಡಿ ತರ್ತಾರೆ ಮಾರಾಯ್ತಿ. ನಾನು ಅದನ್ನು ಬಾಗಿಲ ಹತ್ರ ಬಕೆಟಿನಲ್ಲಿ ಹಾಕಿಸ್ತೇನೆ."

"ಒಳ್ಳೇದಾಯ್ತು" ಎಂದಳು ಅಕ್ಕ. "ಅಕ್ಕಿ ಬೇಳೆ ಇರುವಲ್ಲಿ ಬೀಡಿ ಹೊಗೆ ಯಾಕೆ?"

"ಒಂದೊಂದಕ್ಕೂ ನಿನ್ನ ನೂಲು ಕಟ್ತೇನೆ."

"ಒಂದೊಂದು ಬೀಡಿಗೆ ಬೇರೆ ಬೇರೆ ನೂಲಾ? ಅರಬಿಗಳಿಗೆ ಎಷ್ಟು ಶೋಕಿ!"

ಇನ್ನೊಂದು ಶುಕ್ರವಾರ ಭಾವ ಮದುವೆಯ ಸುದ್ದಿ ಹೇಳಿದರು. "ಮದುಮಗ ಬಂದ ಕೂಡ್ಲೇ ಎಲ್ಲರೂ ಸೇರಿ ಬೆಡಿ ಹೊಡೆದ್ರು. ನನ್ನ ಕಿವಿ ಇನ್ನೂ ಗುಂಯ್ ಅಂತ ಉಂಟು."

"ಬೀಡಿ ಹೊಡೆದ್ರೆ ಕಿವಿ ಗುಂಯ್ ಅಂತದಾ? ಗಟ್ಟಿ ತಂಬಾಕು ಇರ್ಬೇಕು. ನೀವು ಹತ್ರ ಹೋಗ್ಬೇಡಿ."

ಹೀಗೆ ವರ್ಷಗಟ್ಟಲೆ ನಡೆಯಿತು. ಸುಮ್ಮನೆ ಅಲ್ಲ, ಅಕ್ಕ ಬೀಡಿ ಕಟ್ಟುವ ನೆರೆಹೊರೆಯ ಹೆಂಗಸರಿಗೆಲ್ಲ, ನಮ್ಮವರು ಇರುವ ಊರಿನಲ್ಲಿ ಅರಬಿಗಳು ಕೂಡ ಬೀಡಿ ಸೇದುತ್ತಾರೆ, ಅಂಗಡಿಯ ಹೊರಗೆ ಬಕೆಟಿನಲ್ಲಿ ಇಟ್ಟು ಮರ್ಯಾದೆಯಿಂದ ಒಳಗೆ ಬರುತ್ತಾರೆ ಎಂದು ಹೇಳಿಕೊಂಡಿದ್ದಳು. ಭಾವನಿಗೆ ಅವಳು ತಪ್ಪು ತಿಳಿದಿದ್ದಾಳೆಂದು ಯಾವಾಗ ಗೊತ್ತಾಯಿತೋ ನನಗೆ ಗೊತ್ತಿಲ್ಲ. ಗೊತ್ತಾದ ಮೇಲೂ ಅವರು ತಿದ್ದಲಿಲ್ಲ. ತಾನು ಸುಳ್ಳು ಹೇಳಲಿಲ್ಲ, ಅವಳಿಗೂ ಚಿಂತೆಯಿಲ್ಲ, ಇನ್ನೇನು ಬೇಕು?

ಎಲ್ಲ ಕೆಟ್ಟದ್ದು ಮಗಳು ಕಾಲೇಜಿಗೆ ಸೇರಿ ಮನೆಗೆ ದೊಡ್ಡ ಮೊಬೈಲ್ ಬಂದ ಮೇಲೆ. ಮೊದಲನೆಯ ವಿಡಿಯೊ ಕಾಲ್. ಭಾವ ಹೊಸ ಅಂಗಿ ಹಾಕಿಕೊಂಡು ಅಂಗಡಿಯ ಹೊಸ ಫ್ರಿಜ್ ತೋರಿಸಿದರು, ಕಪಾಟು ತೋರಿಸಿದರು, ಖುಷಿಯಲ್ಲಿ ಫೋನನ್ನು ಬಾಗಿಲ ಕಡೆಗೂ ತಿರುಗಿಸಿದರು.

"ಆ ಬಕೆಟಿನಲ್ಲಿ ಎಂತ ಅದು?" ಅಕ್ಕ ಕೇಳಿದಳು.

"ಅದೇ, ಬೆಡಿ."

ಅಕ್ಕ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದಳಂತೆ. "ಬೀಡಿ ಅಷ್ಟು ಉದ್ದ ಉಂಟಾ?"

ಅದಕ್ಕೆ ಭಾವ ಏನು ಹೇಳಿದರೋ ತಿಳಿಯದು. ಆ ಕಡೆ ಸಿಗ್ನಲ್ ಹೋಯಿತು. ಹೋಯಿತೋ, ಭಾವ ಕಳುಹಿಸಿದರೋ!

ಅರ್ಧ ಗಂಟೆಯೊಳಗೆ ನನಗೆ ಫೋನ್ ಬಂತು. ಅಕ್ಕ ಅಳುತ್ತಿದ್ದಳು. ನನ್ನ ಅಕ್ಕ ಸುಮ್ಮಸುಮ್ಮನೆ ಅಳುವವಳಲ್ಲ. ಭಾವ ರಜೆ ಮುಗಿಸಿ ವಿಮಾನ ಹತ್ತುವಾಗಲೂ, ನಿಮ್ಮ ಟವೆಲ್ ಬ್ಯಾಗಿನ ಮೇಲೆಯೇ ಉಂಟು ಎಂದಷ್ಟೇ ಹೇಳುವವಳು. ಈಗ ಅವಳಿಗೆ ಇಷ್ಟು ವರ್ಷದ ಮಾತುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದು, ಬೀಡಿ ಇದ್ದಲ್ಲೆಲ್ಲ ಬೆಡಿ ಹಾಕಿ ನೋಡುತ್ತಿದ್ದಳು. ಮದುವೆಯಲ್ಲಿ ಹೊಡೆದದ್ದು ಬೆಡಿ. ಬಾಗಿಲ ಹತ್ತಿರ ಬಕೆಟಿನಲ್ಲಿ ಹಾಕಿಸುವುದು ಬೆಡಿ. ಗಿರಾಕಿಗಳು ಮರೆತು ಬಿಟ್ಟುಹೋದರೆ ರಾತ್ರಿ ಇವರು ತಮ್ಮ ಮಂಚದ ಕೆಳಗೆ ಇಟ್ಟು ಮಲಗುತ್ತಿದ್ದದ್ದೂ ಬೆಡಿ! "ನನಗೆ ಎಂತ ದುಡ್ಡೂ ಬೇಡ, ಬಂಗಾರವೂ ಬೇಡ" ಎಂದಳು. "ಒಂದು ದಿನ ಯಾರಾದ್ರೂ ಫೋನ್ ಮಾಡಿ, ಇವರಿಗೆ ಹೀಗಾಯ್ತು ಅಂತ ಹೇಳಿದ್ರೆ ನಾನು ಎಂತ ಮಾಡ್ಲಿ? ನೀನು ಹೋಗಿ ಕರ್ಕೊಂಡು ಬಾ. ನಿನ್ನ ಯಾನ್ಬುವಿನಲ್ಲೇ ಎಂತಾದ್ರೂ ಕೆಲಸ ಕೊಡ್ಸು. ಅವರನ್ನು ಅಲ್ಲಿಂದ ಇಳಿಸು, ಸಾಕು."

ನಾನು ನಮ್ಮ ಮ್ಯಾನೇಜರರ ಕಾಲು ಹಿಡಿಯುವುದೊಂದು ಬಾಕಿ. ಸ್ಟೋರಿನಲ್ಲಿ ಒಂದು ಜಾಗ ಒಪ್ಪಿಸಿದೆ. ಎ.ಸಿ. ಕೋಣೆ, ಕೂತು ಮಾಡುವ ಕೆಲಸ, ಶುಕ್ರವಾರ ರಜೆ, ಬೋಲ್ಟು ನಟ್ಟು ಬಿಟ್ಟು ಬೇರೆ ಯಾವ ಕಬ್ಬಿಣವೂ ಇಲ್ಲ. ರಜೆ ಹಾಕಿ ಜಿದ್ದಾಕ್ಕೆ ಬಸ್ಸು, ಜಿಝಾನ್‌ಗೆ ವಿಮಾನ, ಅಲ್ಲಿಂದ ಟ್ಯಾಕ್ಸಿ.

ಭಾವ ನನ್ನನ್ನು ಅಪ್ಪಿಕೊಂಡರು. ಊಟ ಹಾಕಿದರು. ಬಂದ ಕೆಲಸ ಹೇಳಿದೆ. "ಆಯ್ತು ಮಾರಾಯ" ಎಂದರು! ಒಂದೇ ಮಾತಿಗೆ! ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಾದಗಳೆಲ್ಲ ಹಾಳಾದವು. "ಅವಳು ಅತ್ತಳು ಅಂದ್ಯಲ್ಲ. ಮತ್ತೆ ಎಂತ ಉಂಟು? ಬರ್ತೇನೆ" ಎಂದರು. ಕಫೀಲ್‌ಗೂ ಹೇಳಿದರು. ಮುದುಕರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ತಸ್ಬಿಯ ಜಪಮಣಿ ಎಣಿಸುತ್ತಿದ್ದರು.

ಅದೇ ಸಂಜೆ ಅಸರ್ ನಮಾಜು ಮುಗಿದ ಹೊತ್ತು. ಅಂಗಡಿಯ ಮುಂದಿನ ದಾರಿ ಕಿರಿದು, ಎರಡು ಪಿಕಪ್ ಎದುರುಬದುರಾದರೆ ಒಂದು ಹಿಂದೆ ಹೋಗಬೇಕು. ಎರಡು ಬಂದವು. ಯಾವುದೂ ಹೋಗಲಿಲ್ಲ. ಹಾರನ್ ಆಯಿತು, ಬೈಗಳಾಯಿತು, ಕನ್ನಡಿಗೆ ಕನ್ನಡಿ ತಾಗಿ ಒಡೆಯಿತು. ಒಬ್ಬ ನೇರವಾಗಿ ಅಂಗಡಿಗೆ ನುಗ್ಗಿದ. ಮಧ್ಯಾಹ್ನ ಸಾಮಾನಿಗೆ ಬಂದಾಗ ಅವನು ಕೋವಿಯನ್ನು ಬಕೆಟಿನಲ್ಲೇ ಮರೆತು ಬಿಟ್ಟು ಹೋಗಿದ್ದ. ಅವನ ಮುಖ ಕೆಂಪಗಾಗಿತ್ತು, ಒಂದು ಕೈ ಗುಂಡಿನ ಜೇಬಿನ ಮೇಲಿತ್ತು, ಇನ್ನೊಂದು ಕೈಯಲ್ಲಿ ಹಸಿರು ನೂಲು. ನಾನು ಅಕ್ಕಿಮೂಟೆಯ ಹಿಂದೆ ಹೇಗೆ ಹೋದೆ ಎಂದು ನನಗೇ ತಿಳಿಯದು.

ಭಾವ ಗಲ್ಲಾದ ಹಿಂದಿನಿಂದ ಎದ್ದು ಬಂದರು. ನೂಲನ್ನು ಇಸಕೊಂಡರು. ಬಕೆಟಿನ ಮುಂದೆ ನಿಂತು, ನೂಲನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ತಲೆ ಅಲ್ಲಾಡಿಸಿದರು.

"ಇದು ಹಸಿರು" ಎಂದರು ಅರಬಿಯಲ್ಲಿ.

"ಹೌದು ಹಸಿರು! ಕೊಡು!"

"ಆದರೆ ಯಾವ ಹಸಿರು? ಇಲ್ಲಿ ಎರಡು ಹಸಿರುಂಟು. ಒಂದು ಗಿಳಿ ಹಸಿರು. ಒಂದು ಎಲೆ ಹಸಿರು. ತಪ್ಪಿ ಬೇರೆಯವರದ್ದು ಕೊಟ್ಟರೆ ನಾಳೆ ನೀನೇ ನನ್ನನ್ನು ಬೈತೀ."

ಬಕೆಟಿನಲ್ಲಿ ಇದ್ದದ್ದೇ ಒಂದು ಕೋವಿ, ಸ್ವಾಮಿ! ಅದಕ್ಕೆ ಕಟ್ಟಿದ್ದು ಹಸಿರು ನೂಲು! ಭಾವನಿಗೆ ಅದು ಕಾಣಲೇ ಇಲ್ಲ. ಅವರು ಪಕ್ಕದ ಕಪಾಟಿನಿಂದ ಒಂದು ಮೊಟ್ಟೆಯ ಟ್ರೇ ಎತ್ತಿ, "ಸ್ವಲ್ಪ ಹಿಡಿ, ಹಿಂದೆ ನೋಡ್ತೇನೆ" ಎಂದು ಆ ಮನುಷ್ಯನ ಎರಡು ಕೈಯ ಮೇಲಿಟ್ಟರು. ಅವನು ಹಿಡಿದುಕೊಂಡ. ಯಾರಾದರೂ ಮೊಟ್ಟೆ ಕೊಟ್ಟರೆ ಹಿಡಿಯದೆ ಏನು ಮಾಡುತ್ತೀರಿ? ಅದರ ಮೇಲೆ ಇನ್ನೊಂದು ಟ್ರೇ ಬಂತು. ಅದರ ಮೇಲೆ ಮತ್ತೊಂದು, ಅವನ ಗಲ್ಲದವರೆಗೆ! ಭಾವ ಕಪಾಟಿನ ಹಿಂದೆ ತಲೆ ತೂರಿಸಿ ಏನೋ ಹುಡುಕುತ್ತಲೇ ಇದ್ದರು, ಮಧ್ಯೆ ಮಧ್ಯೆ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದರು. ಗಲ್ಲದವರೆಗೆ ಮೊಟ್ಟೆ ಹಿಡಿದ ಮನುಷ್ಯ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟ. ಬೇಕಾದರೆ ನೀವೇ ಮನೆಯಲ್ಲಿ ಪ್ರಯತ್ನಿಸಿ. ಜೋರಾಗಿ ಉಸಿರು ಬಿಡುವಂತಿಲ್ಲ, ಕಾಲು ಅಪ್ಪಳಿಸುವಂತಿಲ್ಲ, ಕಿರುಚಿದರೆ ಮೇಲಿನ ಟ್ರೇ ಅಲ್ಲಾಡುತ್ತದೆ!

ಹೊರಗಿನವನು ಸ್ವಲ್ಪ ಹೊತ್ತು ಕಾದು, ಇವನು ಯಾಕೆ ಬರಲಿಲ್ಲ ಎಂದು ಬಾಗಿಲಲ್ಲಿ ಇಣುಕಿದ. ಶತ್ರುವಿನ ಗಲ್ಲದ ಕೆಳಗೆ ಮೊಟ್ಟೆಗಳ ಗೋಪುರ ಕಂಡಿತು. ಅವನ ತುಟಿಯ ಕೊನೆ ನಡುಗಿತು. ಮೊಟ್ಟೆ ಹಿಡಿದವನು ಅದನ್ನು ನೋಡಿದ. ನಗಬಾರದು ಎಂದು ಅವನು ಪಟ್ಟ ಕಷ್ಟ ದೇವರಿಗೇ ಗೊತ್ತು. ಮೇಲಿನ ಟ್ರೇಯಿಂದ ಒಂದು ಮೊಟ್ಟೆ ಬಿದ್ದು ಒಡೆಯಿತು. ಬಾಗಿಲಲ್ಲಿದ್ದವನು ಓಡಿ ಬಂದು ಟ್ರೇ ಹಿಡಿದ, ಇನ್ನೂ ಬೀಳದ ಹಾಗೆ! ಆಮೇಲೆ ಭಾವ ಚಾ ಮಾಡಿದರು. ಮೂವರೂ ಕುಡಿದರು. ನಾನೂ ಅಕ್ಕಿಮೂಟೆಯ ಹಿಂದಿನಿಂದ ಬಂದು ಕುಡಿದೆ. ಕೋವಿ ಆ ರಾತ್ರಿ ಭಾವನ ಬಳಿಯೇ ಉಳಿಯಿತು. ಮರುದಿನ ಬೆಳಿಗ್ಗೆ ಅವನು ಬಂದಾಗ ಭಾವನಿಗೆ ಹಸಿರು ಒಂದೇ ಕ್ಷಣದಲ್ಲಿ ಗುರುತು ಸಿಕ್ಕಿತು.

ಅವನು ಹೋದ ಮೇಲೆ ಸ್ಟೂಲಿನ ಮೇಲಿನ ಮುದುಕರು ನನ್ನನ್ನು ಹತ್ತಿರ ಕರೆದರು. ಅವರ ಅರಬಿ ನಿಧಾನ, ನನಗೆ ಅರ್ಥವಾಗಲಿ ಎಂದು ಇನ್ನೂ ನಿಧಾನ. ತನ್ನ ತಮ್ಮ ಸತ್ತದ್ದು ಇದೇ ದಾರಿಯಲ್ಲಿ ಎಂದರು. ಇಂಥದ್ದೇ ಜಗಳ, ನೀರಿನ ಟ್ಯಾಂಕರ್ ಮೊದಲು ಯಾರಿಗೆ ಎಂದು. ಹೊಡೆದವನೂ ಕೆಟ್ಟವನಲ್ಲ, ಅವನ ಕೈಗೆ ಕೋವಿ ಬೇಗ ಸಿಕ್ಕಿತು ಎಂದರು. ಆಮೇಲೆ ಬಾಗಿಲ ಕಡೆ ಕೈ ತೋರಿಸಿದರು. "ಈ ಸದೀಕ್ ಹೋದರೂ ಬಕೆಟ್ ಇಲ್ಲೇ ಇರುತ್ತದೆ. ನಾನೂ ಬಕೆಟ್ ಇಡಬಲ್ಲೆ. ಬಣ್ಣ ತಪ್ಪು ನೋಡುವವನು ಯಾರು?" ಎಂದು ಕೇಳಿ ಮತ್ತೆ ತಸ್ಬಿ ಎಣಿಸತೊಡಗಿದರು. ಹೋಗಬೇಡ ಎಂದು ಅವರು ಕೊನೆಯವರೆಗೂ ಹೇಳಲಿಲ್ಲ.

ಭಾವ ಆಗಲೇ ಪೆಟ್ಟಿಗೆ ಕಟ್ಟುತ್ತಿದ್ದರು. ನಾನು ಅವರ ಕೋಣೆಯ ಬಾಗಿಲಲ್ಲಿ ನಿಂತೆ. ಈಗ ನಾನು ಯಾವ ಬಾಯಿಂದ ಬನ್ನಿ ಎನ್ನಲಿ? ಯಾವ ಬಾಯಿಂದ ಬೇಡ ಎನ್ನಲಿ? ಅಕ್ಕ ಅತ್ತದ್ದು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಅಲ್ಲಿಂದಲೇ ಅವಳಿಗೆ ಫೋನ್ ಮಾಡಿದೆ. ಪಿಕಪ್, ನೂಲು, ಮೊಟ್ಟೆ, ಮುದುಕರ ತಮ್ಮ, ಎಲ್ಲವನ್ನೂ ಹೇಳಿದೆ. ಬೆಡಿ ಎನ್ನುವಲ್ಲೆಲ್ಲ ಕೋವಿ ಎಂದೇ ಹೇಳಿದೆ, ಇನ್ನೊಮ್ಮೆ ತಪ್ಪು ಕೇಳುವುದು ಬೇಡ!

"ಮೊಟ್ಟೆ ಎಷ್ಟು ಒಡೆಯಿತು?" ಎಂದು ಅಕ್ಕ ಕೇಳಿದಳು.

"ಒಂದೇ."

"ಪೆಟ್ಟಿಗೆ ಬಿಚ್ಚಲಿಕ್ಕೆ ಹೇಳು" ಎಂದಳು. "ಆದ್ರೆ ನನಗೆ ಇಲ್ಲಿ ಕೂತು ಹೆದರ್ಲಿಕ್ಕೆ ಆಗುದಿಲ್ಲ. ನಾನು ಅಲ್ಲಿಗೆ ಬಂದು ಹೆದರ್ತೇನೆ."

ಹಾಗೆಂದವಳು ಮಗಳನ್ನು ಹಾಸ್ಟೆಲಿಗೆ ಸೇರಿಸಿ ಬಂದೇಬಿಟ್ಟಳು! ವೀಸಾ ಮಾಡಿಸಲು ಮುದುಕರೇ ಓಡಾಡಿದರು. ಜಿಝಾನ್ ವಿಮಾನ ನಿಲ್ದಾಣದಲ್ಲಿ ಅಕ್ಕ ಬುರ್ಖಾದ ಮೇಲೆ ಉಣ್ಣೆಯ ಶಾಲು ಹೊದ್ದು, ಕೈಯಲ್ಲಿ ಉಪ್ಪಿನಕಾಯಿ ಭರಣಿ ಹಿಡಿದು ಇಳಿದಾಗ, ನಾನು ಅವಳನ್ನು ಗುಡ್ಡ ಹತ್ತಿಸಲು ಮತ್ತೆ ರಜೆ ಹಾಕಿ ಬಂದಿದ್ದೆ. ದಾರಿಯುದ್ದಕ್ಕೂ ಅವಳು ಭರಣಿಯನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದಳು. ಅಂಗಡಿಯ ಒಳಗೆ ಕಾಲಿಟ್ಟ ಕೂಡಲೇ ಬಾಯಿ ಬಿಟ್ಟಳು. "ಇದೆಂತ ಧೂಳು? ಈ ಡಬ್ಬಿಯ ಡೇಟ್ ನೋಡಿದ್ದೀರಾ? ಉಪ್ಪಿನ ಹತ್ರ ಸಾಬೂನು ಯಾರಾದ್ರೂ ಇಡ್ತಾರಾ?" ಭಾವ ಅವಳ ಹಿಂದೆ ಹಿಂದೆ ಹೋಗುತ್ತ, "ಅದು ಇವತ್ತು ತೆಗೀಬೇಕು ಅಂತಿದ್ದೆ, ಅದು ನಾಳೆ" ಎನ್ನುತ್ತಿದ್ದರು. ಇಷ್ಟು ಸಂತೋಷದಲ್ಲಿ ಬೈಸಿಕೊಂಡ ಗಂಡಸನ್ನು ನಾನು ಬೇರೆ ಎಲ್ಲಿಯೂ ನೋಡಿಲ್ಲ.

ಆಗಲೇ ಅದು ಆದದ್ದು. ಹಿಂದಿನ ಹೊಲಕ್ಕೆ ಮಂಗಗಳ ಹಿಂಡು ನುಗ್ಗಿತ್ತು. ಹೊಲದವನು ಓಡಿಸಲು ಗುಂಡು ಹಾರಿಸಿದ, ಅಂಗಡಿಯ ಗೋಡೆಯ ಆಚೆಯೇ. ಕಪಾಟಿನ ಡಬ್ಬಿಗಳು ಕಿಣಿಕಿಣಿ ಎಂದವು. ಶಬ್ದ ಎದುರು ಬೆಟ್ಟಕ್ಕೆ ಹೋಗಿ ಇನ್ನೂ ದೊಡ್ಡದಾಗಿ ಹಿಂದಕ್ಕೆ ಬಂತು. ಅಕ್ಕನ ಕೈಯಲ್ಲಿದ್ದ ಸಾಬೂನು ಕೆಳಗೆ ಬಿತ್ತು. ಅವಳ ಮುಖ ಬಿಳಿಚಿಕೊಂಡಿತು. ಭಾವ ಒಂದೇ ಹೆಜ್ಜೆಗೆ ಅವಳ ಮುಂದೆ ಬಂದು ತಮ್ಮ ಎರಡೂ ಕೈಗಳಿಂದ ಅವಳ ಎರಡೂ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿದರು.

ಮತ್ತೊಂದು ಗುಂಡು. ಅಕ್ಕನಿಗೆ ಅದು ಅಷ್ಟಾಗಿ ಕೇಳಿಸಿರಲಿಕ್ಕಿಲ್ಲ. ಆದರೆ ಭಾವನ ಮೈಯಿಡೀ ಬೆಚ್ಚಿತು. ನಾನು ಆಗ ಮೊದಲ ಸಲ ಅವರ ಮುಖವನ್ನು ಸರಿಯಾಗಿ ನೋಡಿದೆ. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ತುಟಿ ಏನನ್ನೋ ಓದುತ್ತಿತ್ತು. ಹಣೆಯಲ್ಲಿ ಬೆವರಿತ್ತು. ಇಷ್ಟು ವರ್ಷ ಈ ಶಬ್ದದ ನಡುವೆ ಈ ಮನುಷ್ಯ ಹೀಗೆಯೇ ಒಬ್ಬರೇ ಬೆಚ್ಚಿಬೀಳುತ್ತ ಬದುಕಿದ್ದರು. ನಮಗೆಲ್ಲ ಫೋನಿನಲ್ಲಿ ನಗುವಂಥ ಕತೆಗಳನ್ನಷ್ಟೇ ಕಳುಹಿಸಿದ್ದರು. ಈಗಲೂ ತಮ್ಮ ಕಿವಿ ಮುಚ್ಚಿಕೊಳ್ಳಲು ಅವರಿಗೆ ಕೈ ಉಳಿದಿರಲಿಲ್ಲ.

ಅಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಅರ್ಥವಾಯಿತು ಎಂದು ನನಗೂ ಅರ್ಥವಾಯಿತು. ಅವಳು ಮೆಲ್ಲಗೆ ತನ್ನ ಎರಡೂ ಕೈಗಳನ್ನು ಎತ್ತಿ ಭಾವನ ಕಿವಿಗಳ ಮೇಲಿಟ್ಟಳು. ಉಪ್ಪು ಸಾಬೂನುಗಳ ನಡುವೆ, ಆ ಇಕ್ಕಟ್ಟಿನ ಜಾಗದಲ್ಲಿ, ಇಬ್ಬರೂ ಹಾಗೆಯೇ ನಿಂತರು. ಹೊರಗೆ ಶಬ್ದ ನಿಂತು, ಬೆಟ್ಟದ ಮಾರ್ದನಿಯೂ ನಿಂತಿತು. ಅದು ಅವರಿಬ್ಬರಿಗೂ ಗೊತ್ತಾಗಲಿಲ್ಲ.

ಬಾಗಿಲಲ್ಲಿ ಗಿರಾಕಿಯೊಬ್ಬ ಖುಬುಸ್ ಹಿಡಿದು ಕಾಯುತ್ತಿದ್ದ. ನಾನು ಕಣ್ಣೊರೆಸಿಕೊಂಡು ಗಲ್ಲಾದ ಹಿಂದೆ ಹೋಗಿ ನಿಂತೆ.